ಬಾಲ, ಲಿವರ್, ಬಿಳಿ ಪುಕ್ಕ: ಇಂಗ್ಲಿಷಿನ ಹೇಡಿಗಳ ಕಥೆ

(ಓದುಗರ ಬಳಗವೊಂದರಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬೈಗುಳದ ಮೇಲೆ ಮಾತು ಅಂದ ಕೂಡಲೇ ಇಷ್ಟು ಜನ ಬಂದಿದ್ದೀರಿ. ಸಂತೋಷ. ವ್ಯಾಕರಣದ ಮೇಲೆ ಅಂದಿದ್ದರೆ ಖಾಲಿ ಕುರ್ಚಿಗಳೇ ಜಾಸ್ತಿ ಇರುತ್ತಿದ್ದವು.

ಇಂಗ್ಲಿಷಿನಲ್ಲಿ ಹೇಡಿಗೆ ಹೆಸರು ಒಂದೆರಡಲ್ಲ. ಕೌವರ್ಡ್, ಕ್ರೇವನ್, ಪೋಲ್ಟ್ರೂನ್, ಡ್ಯಾಸ್ಟರ್ಡ್, ಲಿಲಿ ಲಿವರ್ಡ್, ಮಿಲ್ಕ್‌ಸಾಪ್, ಚಿಕನ್, ಯೆಲ್ಲೋ. ಇವುಗಳ ಬುಡ ಕೆದಕಿ ನೋಡಿ. ಒಂದರಲ್ಲಿ ಬಾಲ ಸಿಗುತ್ತದೆ, ಇನ್ನೊಂದರಲ್ಲಿ ಲಿವರ್. ಕೋಳಿ ಸಿಗುತ್ತದೆ, ಹಾಲಲ್ಲಿ ನೆನೆಸಿದ ಬ್ರೆಡ್ಡು ಸಿಗುತ್ತದೆ. ಸಿಗದೇ ಇರುವುದು ಒಂದೇ, ಭಯ!

ಭಯವನ್ನೇ ಹೇಳುವ ಪದಗಳೂ ಇವೆ ಅನ್ನಿ. ಟಿಮಿಡ್, ಟಿಮರಸ್ ಥರದವು. ಇವು ಲ್ಯಾಟಿನ್ನಿನ ‘ಹೆದರು’ ಅನ್ನುವ ಕ್ರಿಯಾಪದದಿಂದ ನೇರವಾಗಿ ಬಂದವು. ಆದರೆ ಟಿಮಿಡ್ ಅಂದರೆ ಯಾರೂ ಕಾಲರ್ ಹಿಡಿಯೋಕೆ ಬರುವುದಿಲ್ಲ. ‘ಪಾಪ, ಸ್ವಲ್ಪ ಅಂಜುಬುರುಕ’ ಅಂದಷ್ಟೇ ಅದು. ಅದೇ ಮನುಷ್ಯನನ್ನು ಕೌವರ್ಡ್ ಅಂದು ನೋಡಿ, ಜಗಳವೇ ಆಗುತ್ತದೆ. ಭಯ ಮನುಷ್ಯನ ಒಳಗೆ ಆಗುವಂಥದ್ದು. ಬೈಗುಳ ಹುಟ್ಟುವುದು ಹೊರಗೆ, ಕಣದ ಸುತ್ತ ನಿಂತು ನೋಡುವವರ ಬಾಯಲ್ಲಿ. ಹೇಡಿ ಅನ್ನಿಸಿಕೊಳ್ಳಬೇಕಾದರೆ ಒಬ್ಬ ಪ್ರೇಕ್ಷಕನಾದರೂ ಬೇಕು. ಇವತ್ತು ಹೇಳುವ ಕಥೆಗಳಲ್ಲೆಲ್ಲ ಆ ಪ್ರೇಕ್ಷಕನ ಮೇಲೆ ಒಂದು ಕಣ್ಣಿಟ್ಟಿರಿ.

ಕೌವರ್ಡ್ ಅನ್ನುವ ಪದ ಇಂಗ್ಲಿಷಿನದ್ದೇ ಅಲ್ಲ. ಅದು 13ನೇ ಶತಮಾನದಲ್ಲಿ ಫ್ರೆಂಚಿನಿಂದ ಬಂದದ್ದು. ಅದಕ್ಕೂ ಮುಂಚೆ ಇಂಗ್ಲಿಷರು ಹೇಡಿಯನ್ನು ‘ಎಅರ್ಗ್’ ಅನ್ನುತ್ತಿದ್ದರು.

991ರ ಆಗಸ್ಟ್. ಇಂಗ್ಲೆಂಡಿನ ಎಸೆಕ್ಸ್ ತೀರದ ಮಾಲ್ಡನ್ ಅನ್ನುವ ಜಾಗದಲ್ಲಿ ವೈಕಿಂಗರ ಜೊತೆ ಕಾಳಗ. ಇಂಗ್ಲಿಷರ ನಾಯಕ ಬಿರ್ಹ್ಟ್‌ನೋತ್ ಬಿದ್ದ. ಬಿದ್ದ ಕೂಡಲೇ ಗಾಡ್ರಿಕ್ ಅನ್ನುವವನು ಓಡಿದ. ಬರೀ ಓಡಿದ್ದರೆ ಅಷ್ಟು ಅನಾಹುತ ಆಗುತ್ತಿರಲಿಲ್ಲವೇನೋ. ಅವನು ಹತ್ತಿದ್ದು ಸತ್ತ ಒಡೆಯನ ಕುದುರೆಯನ್ನು. ಅಲಂಕಾರ ಮಾಡಿದ ಆ ಕುದುರೆ ಕಾಡಿನ ಕಡೆ ಓಡುವುದನ್ನು ಹಿಂದಿದ್ದವರು ನೋಡಿದರು. ‘ಒಡೆಯನೇ ಓಡುತ್ತಿದ್ದಾನೆ’ ಅಂದುಕೊಂಡರು. ಗುರಾಣಿಗಳನ್ನು ಒತ್ತಾಗಿ ಹಿಡಿದು ಕಟ್ಟಿದ ಗೋಡೆ ಒಡೆದುಹೋಯಿತು. ಈ ಕಾಳಗದ ಮೇಲೆ ಒಂದು ಹಳೆಯ ಪದ್ಯವಿದೆ. ಅದರ ಹಸ್ತಪ್ರತಿ 1731ರಲ್ಲಿ ಬೆಂಕಿಗೆ ಸಿಕ್ಕಿತು, ನಕಲು ಮಾಡಿಟ್ಟಿದ್ದರಿಂದ ಪದ್ಯ ಉಳಿಯಿತು. ಅದರಲ್ಲಿ ಗಾಡ್ರಿಕ್‌ನನ್ನು ಕರೆದಿರುವುದು ಇದೇ ಎಅರ್ಗ್ ಅನ್ನುವ ಪದದಿಂದ. ಓಡಿದವನ ಎದೆ ಹೇಗೆ ಹೊಡೆದುಕೊಳ್ಳುತ್ತಿತ್ತು ಅಂತ ಪದ್ಯ ಕೇಳುವುದೇ ಇಲ್ಲ. ಅವನು ನೋಡುವವರಿಗೆ ಹೇಗೆ ಕಂಡ ಅನ್ನುವುದೇ ಅಲ್ಲಿ ಮುಖ್ಯ.

ಎಅರ್ಗ್ ಪದಕ್ಕೆ ಇಂಗ್ಲಿಷು, ಜರ್ಮನ್ ಎಲ್ಲ ಸೇರಿದ ಜರ್ಮಾನಿಕ್ ಬಳಗದ ಭಾಷೆಗಳಲ್ಲೆಲ್ಲ ಅಣ್ಣತಮ್ಮಂದಿರಿದ್ದಾರೆ. ಉತ್ತರ ಇಟಲಿಯನ್ನು ಆಳಿದ ಲೊಂಬಾರ್ಡರಲ್ಲಿ ಅದು ‘ಅರ್ಗ’. ಆ ಬೈಗುಳ ಎಷ್ಟು ಅಪಾಯದ್ದು ಅಂದರೆ ಅದಕ್ಕೇ ಒಂದು ಕಾನೂನು ಇತ್ತು. 643ರಲ್ಲಿ ರೊಥಾರಿ ರಾಜ ಬರೆಸಿದ ಕಟ್ಟಳೆಯಲ್ಲಿ ಇದೆ. ಸಿಟ್ಟಿನಲ್ಲಿ ಒಬ್ಬ ಇನ್ನೊಬ್ಬನನ್ನು ಅರ್ಗ ಅಂದರೆ, ‘ಇವನು ಹಾಗಿಲ್ಲ, ಸಿಟ್ಟಿನಲ್ಲಿ ಅಂದುಬಿಟ್ಟೆ’ ಅಂತ ಆಣೆ ಮಾಡಬೇಕು, 12 ಚಿನ್ನದ ನಾಣ್ಯ ದಂಡ ಕಟ್ಟಬೇಕು. ಇಲ್ಲ, ಅಂದದ್ದೇ ಸರಿ ಅಂತ ಹಟ ಹಿಡಿದರೆ ಹೊಡೆದಾಡಿ ಸಾಬೀತು ಮಾಡಬೇಕು.

ಈ ಕಾನೂನು ಯಾಕೆ ಬೇಕಿತ್ತು ಅನ್ನುವುದಕ್ಕೆ ಲೊಂಬಾರ್ಡರ ಚರಿತ್ರೆ ಬರೆದ ಪೌಲ್ ಅನ್ನುವ ಪಾದ್ರಿ ಒಂದು ಪ್ರಸಂಗ ಹೇಳುತ್ತಾನೆ. 8ನೇ ಶತಮಾನದ ಆರಂಭದ್ದು. ಫ್ರಿಯುಲಿ ಸೀಮೆಗೆ ಫೆರ್ದುಲ್ಫ್ ದೊರೆ. ಅವನ ಕೈಕೆಳಗೆ ಅರ್ಗಾಯ್ತ್ ಅನ್ನುವ ಅಧಿಕಾರಿ. ಸ್ಲಾವ್ ಕಳ್ಳರು ಬಂದು ಕುರಿಗಳನ್ನು ಹೊಡೆದುಕೊಂಡು ಹೋದರು. ಅರ್ಗಾಯ್ತ್ ಬೆನ್ನಟ್ಟಿದ, ಸಿಗಲಿಲ್ಲ, ವಾಪಸ್ ಬಂದ. ದೊರೆ ಎಲ್ಲರ ಎದುರು ಕುಟುಕಿದ: ‘ನಿನ್ನ ಕೈಲಿ ಏನಾಗುತ್ತೆ? ಹೆಸರಲ್ಲೇ ಅರ್ಗ ಇದೆಯಲ್ಲ.’ ಅರ್ಗಾಯ್ತ್ ಹೇಳಿದ: ‘ನಮ್ಮಿಬ್ಬರಲ್ಲಿ ಯಾರು ಜಾಸ್ತಿ ಅರ್ಗ ಅಂತ ಜನಕ್ಕೆ ಗೊತ್ತಾಗುವ ತನಕ ದೇವರು ನಮ್ಮನ್ನು ಬದುಕಿಸಿರಲಿ.’

ಸ್ವಲ್ಪ ದಿನಕ್ಕೆ ಸ್ಲಾವರ ದೊಡ್ಡ ಸೈನ್ಯವೇ ಬಂದು ಒಂದು ಬೆಟ್ಟದ ನೆತ್ತಿಯ ಮೇಲೆ ಬೀಡುಬಿಟ್ಟಿತು. ಫೆರ್ದುಲ್ಫ್ ಬುದ್ಧಿವಂತ. ಸುತ್ತು ಹಾಕಿ ಹತ್ತೋಕೆ ಸುಲಭದ ದಾರಿ ಹುಡುಕುತ್ತಿದ್ದ. ಆಗ ಅರ್ಗಾಯ್ತ್ ಹತ್ತಿರ ಬಂದ. ‘ಅವತ್ತು ನನ್ನನ್ನು ಅರ್ಗ ಅಂದಿರಲ್ಲ. ಈಗ ಆ ಸ್ಲಾವರ ಹತ್ತಿರ ಯಾರು ಕೊನೆಗೆ ಮುಟ್ಟುತ್ತಾರೋ ಅವರ ಮೇಲೆ ದೇವರ ಕೋಪ ಬೀಳಲಿ.’ ಅಂದವನೇ ಕುದುರೆಯನ್ನು ಕಡಿದಾದ ಏರಿನ ಮೇಲೇ ನೇರ ಬಿಟ್ಟ. ದೊರೆ ಹಿಂದೆ ಉಳಿಯೋಕಾಗುತ್ತಾ? ಅವನೂ ಹತ್ತಿದ. ದೊರೆ ಹತ್ತಿದ ಮೇಲೆ ಸೈನ್ಯ ಸುಮ್ನೆ ನಿಲ್ಲುತ್ತಾ? ಮೇಲಿದ್ದವರಿಗೆ ಕತ್ತಿ ಎಳೆಯುವ ಕೆಲಸವೂ ಬೀಳಲಿಲ್ಲ. ಹೆಚ್ಚಾಗಿ ಬಂಡೆ ಉರುಳಿಸಿಯೇ ಮುಗಿಸಿದರು. ದೊರೆ ಸತ್ತ, ಅರ್ಗಾಯ್ತ್ ಸತ್ತ, ಫ್ರಿಯುಲಿಯ ದೊಡ್ಡ ಮನೆತನದವರೆಲ್ಲ ಅಲ್ಲೇ ಮುಗಿದರು. ಒಂದು ಬೈಗುಳಕ್ಕೆ! 12 ನಾಣ್ಯದ ದಂಡ ಅಗ್ಗವೇ ಆಯಿತು ನೋಡಿ.

ಸರಿ, ಈಗ ಬಾಲಕ್ಕೆ ಬರೋಣ.

ಹಳೆಯ ಫ್ರೆಂಚಿನಲ್ಲಿ ಬಾಲಕ್ಕೆ ‘ಕೋ’ ಅನ್ನುತ್ತಿದ್ದರು. ಲ್ಯಾಟಿನ್ನಿನ ‘ಕೌಡ’ದಿಂದ ಬಂದದ್ದು. ಅದಕ್ಕೆ ‘ಆರ್ಡ್’ ಅನ್ನುವ ಪ್ರತ್ಯಯ ಸೇರಿಸಿದರೆ ಕೋಆರ್ಡ್, ಅದೇ ಕೌವರ್ಡ್. ಈ ಆರ್ಡ್ ಬಲು ಒಳ್ಳೆಯ ಬೈಗುಳದ ಬಾಲ. ಕುಡುಕನಿಗೆ ಡ್ರಂಕರ್ಡ್, ಸೋಮಾರಿಗೆ ಸ್ಲಗರ್ಡ್. ನಮ್ಮ ‘ಬುರುಕ’ ಇದ್ದ ಹಾಗೆ. ಅಂಜುಬುರುಕ, ಅಳುಬುರುಕ, ಬಾಯಿಬುರುಕ ಅಂತೀವಲ್ಲ, ಹಾಗೆ ಕೌವರ್ಡ್ ಅಂದರೆ ‘ಬಾಲಬುರುಕ’ ಅನ್ನಬಹುದು.

ಯಾಕೆ ಬಾಲ? ಓಡುವ ಪ್ರಾಣಿಯಲ್ಲಿ ಹಿಂದಿರುವವನಿಗೆ ಕಾಣುವುದು ಬಾಲವೇ ಅಲ್ವಾ. ಇಲ್ಲವೇ ಹೆದರಿದ ನಾಯಿ ಬಾಲವನ್ನು ಕಾಲ ಸಂದಿಗೆ ಸೇರಿಸುತ್ತದಲ್ಲ, ಅದು. ಎರಡಕ್ಕೂ ವಾದ ಮಾಡುವವರಿದ್ದಾರೆ. ನಾವೂ ‘ಬಾಲ ಮುದುರಿಕೊಂಡು ಹೋದ’ ಅನ್ನುತ್ತೇವೆ, ಅವರಿಂದ ಕಲಿತು ಅನ್ನುತ್ತಿರುವುದಲ್ಲ. ಯೂರೋಪಿನ ಮನೆತನಗಳ ಲಾಂಛನಗಳಲ್ಲಿ ಸಿಂಹ ಇರುತ್ತದೆ. ಅದರ ಒಂದೊಂದು ಭಂಗಿಗೂ ಒಂದೊಂದು ಹೆಸರು. ಬಾಲವನ್ನು ಹಿಂಗಾಲುಗಳ ನಡುವೆ ಇಟ್ಟ ಸಿಂಹಕ್ಕೆ ಅಲ್ಲಿ ‘ಕೌವರ್ಡ್ ಸಿಂಹ’ ಅಂತಲೇ ಹೆಸರು. ಅಂಥ ಸಿಂಹವನ್ನು ಬಾಗಿಲ ಮೇಲೆ ಹಾಕಿಕೊಂಡ ಮನೆಯವರು ಯಾರೋ!

12ನೇ ಶತಮಾನದ ಕೊನೆಯ ಹೊತ್ತಿಗೆ ಫ್ರೆಂಚಿನಲ್ಲಿ ರೆನಾರ್ ಅನ್ನುವ ನರಿಯ ಕಥೆಗಳು ಬಹಳ ಓಡಾಡುತ್ತಿದ್ದವು. ನಮ್ಮ ಪಂಚತಂತ್ರದಂತೆ ಅಲ್ಲೂ ಪ್ರಾಣಿಗಳ ರಾಜ್ಯ, ಸಿಂಹ ರಾಜ. ಆ ಕಥೆಗಳಲ್ಲಿ ಮೊಲದ ಹೆಸರೇ ಕೋಆರ್ಟ್. ಒಂದು ಕಡೆ ನರಿ ಕೊಂದ ಹೇಂಟೆಯ ಹೆಣವನ್ನು ದರ್ಬಾರಿಗೆ ತರುತ್ತಾರೆ. ಸಿಂಹ ಸಿಟ್ಟಿನಿಂದ ಒಮ್ಮೆ ಗರ್ಜಿಸುತ್ತದೆ. ಅದನ್ನು ಕೇಳಿಯೇ ಮೊಲಕ್ಕೆ ಜ್ವರ ಬರುತ್ತದೆ. ಆಮೇಲೆ ಆ ಹೇಂಟೆಯ ಸಮಾಧಿಯ ಮೇಲೆ ಮಲಗಿ ಎದ್ದರೆ ಜ್ವರ ಮಾಯ. ತಗೋ, ಹೇಂಟೆ ಸಂತಳಾಗಿಬಿಟ್ಟಳು, ಪವಾಡ ಆಯಿತು! ಚರ್ಚನ್ನು ಗೇಲಿ ಮಾಡೋಕೆ ಮೊಲದ ಭಯ ಎಷ್ಟು ಚೆನ್ನಾಗಿ ಒದಗಿಬಂತು.

ಕ್ರೇವನ್ ಕಥೆ ಬೇರೆ. ನನಗೆ ಇದು ಎಲ್ಲಕ್ಕಿಂತ ಇಷ್ಟ, ಯಾಕೆಂದರೆ ಇದು ಬೇರೆಯವರು ಅಂದ ಪದವಲ್ಲ. ಸೋತವನೇ ತನ್ನ ಬಾಯಿಂದ ಹೇಳಬೇಕಾಗಿದ್ದ ಪದ.

1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ನರು ಹೊಡೆದಾಟದ ನ್ಯಾಯವನ್ನೂ ಜೊತೆಗೆ ತಂದರು. ಜಮೀನಿನ ತಗಾದೆ ಬಂತು ಅನ್ನಿ. ಸಾಕ್ಷಿ ಸಾಲದು. ಆಗ ಎರಡೂ ಕಡೆಯವರು ಒಬ್ಬೊಬ್ಬ ಜಟ್ಟಿಯನ್ನು ಕಣಕ್ಕೆ ಇಳಿಸುತ್ತಿದ್ದರು. ಗೆದ್ದ ಜಟ್ಟಿಯ ಕಡೆಯವರಿಗೆ ಜಮೀನು. 18ನೇ ಶತಮಾನದ ಕಾನೂನು ಪಂಡಿತ ಬ್ಲಾಕ್‌ಸ್ಟೋನ್ ಇದರ ಪದ್ಧತಿಯನ್ನು ಕೂತು ವಿವರವಾಗಿ ಬರೆದಿದ್ದಾನೆ. ಜಟ್ಟಿಗಳಿಗೆ ಕೆಂಪು ಚಪ್ಪಲಿ. ಮೊಣಕಾಲಿನಿಂದ ಕೆಳಗೆ ಬರಿಗಾಲು. ತಲೆಗೆ ಏನೂ ಇಲ್ಲ. ತೋಳು ಮೊಣಕೈವರೆಗೆ ಬರಿದು. ಕೈಯಲ್ಲಿ ಒಂದೂಕಾಲು ಗಜದ ದೊಣ್ಣೆ, ನಾಲ್ಕು ಮೂಲೆಯ ಚರ್ಮದ ಗುರಾಣಿ. ಮಾಟಮಂತ್ರ ಏನೂ ಮಾಡಿಸಿಲ್ಲ ಅಂತ ಇಬ್ಬರೂ ಆಣೆ ಮಾಡಬೇಕು. ನ್ಯಾಯಾಧೀಶರು ಕೆಂಪು ನಿಲುವಂಗಿ ಹಾಕಿಕೊಂಡು ನೋಡುತ್ತಾ ಕೂತಿರಬೇಕು. ಆಕಾಶದಲ್ಲಿ ಚುಕ್ಕಿ ಕಾಣುವ ತನಕ ಹೊಡೆದಾಟ.

ಆಗಲ್ಲಪ್ಪಾ ಅನ್ನುವವನು ಒಂದೇ ಒಂದು ಪದ ಹೇಳಿದರೆ ಸಾಕು. ಕ್ರೇವನ್! ಹಳೆಯ ಫ್ರೆಂಚಿನ ‘ಮುರಿದುಹೋದ, ಜಜ್ಜಿಹೋದ’ ಅನ್ನುವ ಅರ್ಥದ ಪದದಿಂದ ಅದು ಬಂದಿರಬೇಕು. ‘ಸೋತೆ, ಬಿಡು’ ಅಂದ ಹಾಗೆ. ಜೀವ ಉಳಿಯಿತು. ಆದರೆ ಬ್ಲಾಕ್‌ಸ್ಟೋನ್ ಅದನ್ನು ಘೋರವಾದ ಪದ ಅನ್ನುತ್ತಾನೆ. ಅದನ್ನು ಉಚ್ಚರಿಸಿದವನು ಮುಂದೆ ಯಾವತ್ತೂ ಸಾಕ್ಷಿ ಹೇಳುವ ಹಾಗಿಲ್ಲ, ಜ್ಯೂರಿಯಲ್ಲಿ ಕೂರುವ ಹಾಗಿಲ್ಲ. ಕಾನೂನಿನ ಕಣ್ಣಲ್ಲಿ ಅವನ ಮಾತಿಗೆ ಬೆಲೆಯೇ ಇಲ್ಲ. ಹೇಡಿಗೆ ರೆಕ್ರಿಯಂಟ್ ಅನ್ನುವ ಇನ್ನೊಂದು ಪದವೂ ಇದೇ ಕಣದ ಶರಣಾಗತಿಯಿಂದ ಬಂದದ್ದು.

ತಮಾಷೆ ಏನೆಂದರೆ ಈ ಕಾನೂನನ್ನು ತೆಗೆಯೋದೇ ಮರೆತಿದ್ದರು. 1817ರಲ್ಲಿ ಬರ್ಮಿಂಗ್‌ಹ್ಯಾಮ್ ಹತ್ತಿರ ಮೇರಿ ಆಶ್‌ಫರ್ಡ್ ಅನ್ನುವ ಹುಡುಗಿ ಕುಣಿತದ ಕೂಟಕ್ಕೆ ಹೋದವಳು ನೀರಿನ ಹೊಂಡದಲ್ಲಿ ಹೆಣವಾಗಿ ಸಿಕ್ಕಳು. ಏಬ್ರಹಾಂ ಥಾರ್ನ್‌ಟನ್ ಮೇಲೆ ಕೊಲೆ ಆರೋಪ ಬಂತು. ಜ್ಯೂರಿ ಬಿಡುಗಡೆ ಮಾಡಿತು. ಹುಡುಗಿಯ ಅಣ್ಣ ವಿಲಿಯಂ ಹಳೆಯ ಕಾನೂನಿನ ಪ್ರಕಾರ ಮತ್ತೆ ಮೊಕದ್ದಮೆ ಹೂಡಿದ. ಅದಕ್ಕೆ ಥಾರ್ನ್‌ಟನ್‌ನ ವಕೀಲರು ಇನ್ನೂ ಹಳೆಯದನ್ನು ಹುಡುಕಿ ತೆಗೆದರು. ಥಾರ್ನ್‌ಟನ್ ಲಂಡನ್ನಿನ ನ್ಯಾಯಾಲಯದಲ್ಲಿ ಎದ್ದು ನಿಂತು, ‘ನಾನು ನಿರಪರಾಧಿ, ನನ್ನ ಮೈಯಿಂದಲೇ ಸಾಬೀತು ಮಾಡುತ್ತೇನೆ’ ಅಂತ ಕೈಗವಸನ್ನು ನೆಲಕ್ಕೆ ಎಸೆದ. ನ್ಯಾಯಾಧೀಶರು ತಲೆ ಕೆಡಿಸಿಕೊಂಡರು. ಕೊನೆಗೆ 1818ರಲ್ಲಿ, ಕಾನೂನು ಹಾಗೇ ಇದೆ, ಹೊಡೆದಾಟಕ್ಕೆ ಅವಕಾಶ ಉಂಟು ಅಂದರು. ಥಾರ್ನ್‌ಟನ್ ಗಟ್ಟಿಮುಟ್ಟಾದ ಆಳು, ವಿಲಿಯಂ ಸಣಕಲ. ಅವನು ಹಿಂದೆ ಸರಿದ. ಥಾರ್ನ್‌ಟನ್ ಮನೆಗೆ ಹೋದ. ಮಾರನೆಯ ವರ್ಷವೇ ಪಾರ್ಲಿಮೆಂಟು ಆ ಕಾನೂನನ್ನು ರದ್ದು ಮಾಡಿತು. ತಂಗಿ ಸತ್ತ ನೋವು, ಎದುರಿಗೆ ಪೈಲ್ವಾನ. ಹಿಂದೆ ಸರಿದ ವಿಲಿಯಂನನ್ನು ಕ್ರೇವನ್ ಅನ್ನೋಕೆ ನನಗಂತೂ ಬಾಯಿ ಬರುವುದಿಲ್ಲ.

ಪೋಲ್ಟ್ರೂನ್ ಬಗ್ಗೆ ಒಂದು ಚೆಂದದ ಕಥೆ ಇದೆ, ಆದರೆ ಸುಳ್ಳು. ರೋಮ್ ಸೈನ್ಯಕ್ಕೆ ಸೇರುವುದನ್ನು ತಪ್ಪಿಸಿಕೊಳ್ಳೋಕೆ ಕೆಲವರು ಹೆಬ್ಬೆರಳು ಕತ್ತರಿಸಿಕೊಳ್ಳುತ್ತಿದ್ದರು. ಇದು ನಿಜ. ತನ್ನ ಇಬ್ಬರು ಮಕ್ಕಳ ಹೆಬ್ಬೆರಳು ಕತ್ತರಿಸಿದ ಒಬ್ಬ ಶ್ರೀಮಂತನನ್ನು ಆಗಸ್ಟಸ್ ಚಕ್ರವರ್ತಿ ಆಸ್ತಿ ಸಮೇತ ಹರಾಜು ಹಾಕಿಸಿದ. ಹೆಬ್ಬೆರಳು ಕತ್ತರಿಸಿಕೊಂಡವನಿಗೆ ಲ್ಯಾಟಿನ್ನಿನಲ್ಲಿ ‘ಪೊಲ್ಲಿಕೆ ತ್ರುಂಕುಸ್’. ಇದನ್ನೇ ಬೇಗ ಬೇಗ ಹೇಳಿದರೆ ಪೋಲ್ಟ್ರೂನ್ ಆಯಿತು ಅಂತ ಒಬ್ಬ ದೊಡ್ಡ ವಿದ್ವಾಂಸ ಹೇಳಿಬಿಟ್ಟ, ಜನ ನಂಬಿಬಿಟ್ಟರು. ಅಸಲಿಗೆ ಅದು ಇಟಾಲಿಯನ್ನಿನ ‘ಪೊಲ್ಟ್ರೋನೆ’. ಅರ್ಥ ಸೋಮಾರಿ. ಹಾಸಿಗೆ ಬಿಟ್ಟೇಳದವನು ಅಂತ ಕೆಲವರು, ಪಳಗದ ಕುದುರೆಮರಿ ಅಂತ ಇನ್ನು ಕೆಲವರು. ಇವತ್ತಿಗೂ ಇಟಲಿಯಲ್ಲಿ ‘ಪೊಲ್ಟ್ರೋನ’ ಅಂದರೆ ಕೈ ಇರುವ ಮೆತ್ತನೆಯ ಕುರ್ಚಿ. ನೋಡಿ, ಇಲ್ಲೂ ಭಯ ಇಲ್ಲ. ಎಲ್ಲರೂ ಹೊರಟಾಗ ಇವನು ಎದ್ದೇಳಲಿಲ್ಲ ಅನ್ನುವುದೇ ತಕರಾರು.

ಪ್ಯೂಸಿಲಾನಿಮಸ್ ಅಂದರೆ ತೀರಾ ಪುಟ್ಟ ಮನಸ್ಸಿನವನು. ಪುಸ್ತಕದ ಪದ, ಸಂಪಾದಕೀಯಕ್ಕೆ ಸರಿ, ಬೀದಿಗೆ ಉಪಯೋಗವಿಲ್ಲ. ಮಿಲ್ಕ್‌ಸಾಪ್ ಅಂದರೆ ಹಾಲಲ್ಲಿ ನೆನೆಸಿದ ಬ್ರೆಡ್ಡಿನ ತುಂಡು. 14ನೇ ಶತಮಾನದ ಚಾಸರ್ ಕವಿಯಲ್ಲಿ ಒಬ್ಬ ಹೆಂಡತಿ, ಜಗಳಕ್ಕೆ ಹೋಗದ ಗಂಡನನ್ನು ಬೈಯುವುದು ಹೀಗೆ. ಐದು ಶತಮಾನ ಕಳೆದ ಮೇಲೆ, 1924ರಲ್ಲಿ, ಅಮೆರಿಕದ ವ್ಯಂಗ್ಯಚಿತ್ರಕಾರ ಎಚ್. ಟಿ. ವೆಬ್‌ಸ್ಟರ್ ಒಬ್ಬ ಅಂಜುಬುರುಕನನ್ನು ಸೃಷ್ಟಿಸಿದರು. ಹೆಸರು ಕ್ಯಾಸ್ಪರ್ ಮಿಲ್ಕ್‌ಟೋಸ್ಟ್. ಈಗ ಅದೂ ನಿಘಂಟಿನಲ್ಲಿ ಕೂತಿದೆ. ಮತ್ತೆ ಹಾಲು, ಮತ್ತೆ ಬ್ರೆಡ್ಡು! ಹಲ್ಲಿಲ್ಲದ ಮಗುವಿನ ಊಟ ಅಂತ ಇರಬೇಕು.

ಲಿವರ್ ವಿಷಯಕ್ಕೆ ಬರೋಣ. ಹಿಂದಿನ ಯೂರೋಪಿನ ವೈದ್ಯರ ಪ್ರಕಾರ ರಕ್ತ ತಯಾರಾಗುವುದು ಲಿವರಿನಲ್ಲಿ. ಧೈರ್ಯದ ಜಾಗವೂ ಅದೇ. ರಕ್ತ ಕಡಿಮೆಯಾದರೆ ಲಿವರ್ ಬಿಳಿಚಿಕೊಳ್ಳುತ್ತದೆ, ಲಿಲಿ ಹೂವಿನ ಹಾಗೆ. ಅದೇ ಲಿಲಿ ಲಿವರ್ಡ್. ಷೇಕ್ಸ್‌ಪಿಯರನ ಮ್ಯಾಕ್‌ಬೆತ್ ನಾಟಕದ ಕೊನೆಯ ಅಂಕದಲ್ಲಿ ಇದು ಬರುತ್ತದೆ. ಆಳೊಬ್ಬ ಓಡೋಡಿ ಬರುತ್ತಾನೆ. ‘ಹತ್ತು ಸಾವಿರ...’ ಅಂತ ಬಾಯಿ ತೆಗೆಯುತ್ತಾನೆ. ‘ಏನು, ಬಾತುಗಳಾ?’ ಅಂತ ರಾಜನ ಕೊಂಕು. ‘ಸೈನಿಕರು ಸ್ವಾಮಿ.’ ಅಷ್ಟಕ್ಕೇ ರಾಜ ಅವನ ಬಿಳಿಚಿದ ಮುಖ, ಬಿಳಿ ಲಿವರ್, ಕೆನೆ, ಹಾಲೊಡಕು ಎಲ್ಲ ತೆಗೆದು ಬೈಯುತ್ತಾನೆ. ಪಾಪದ ಹುಡುಗ ತಂದದ್ದು ನಿಜವಾದ ಸುದ್ದಿ. ಶತ್ರು ನಿಜಕ್ಕೂ ಬಂದಿದ್ದಾನೆ. ಕೋಟೆಯಲ್ಲಿ ಆ ಹೊತ್ತಿಗೆ ಎಲ್ಲರಿಗಿಂತ ಹೆದರಿದವನು ಬೈಯುತ್ತಿರುವ ರಾಜನೇ.

ಅಂಗಗಳ ಹಂಚಿಕೆ ಒಂದೊಂದು ಭಾಷೆಯಲ್ಲಿ ಒಂದೊಂದು ಥರ. ಹಿಂದಿಯವರು ಜಿಗರ್ ಅನ್ನುತ್ತಾರೆ, ಅದೂ ಲಿವರ್ರೇ. ನಮಗೆ ಧೈರ್ಯ ಅಂದರೆ ಎದೆ, ಗುಂಡಿಗೆ. ಇಂಗ್ಲಿಷಿನಲ್ಲಿ ಕರುಳಿಗೂ ಧೈರ್ಯ ಅಂಟಿಕೊಂಡಿದೆ. ಧೈರ್ಯ ಇಲ್ಲದವನು ಅವರಿಗೆ ಕರುಳಿಲ್ಲದವನು. ಕನ್ನಡದಲ್ಲಿ ಕರುಳಿಲ್ಲದವನು ಅಂದರೆ ಕಟುಕ. ಅನುವಾದ ಮಾಡುವವರು ಇಲ್ಲಿ ಸ್ವಲ್ಪ ನೋಡಿಕೊಂಡು ಹೆಜ್ಜೆ ಇಡಬೇಕು.

ಬಣ್ಣದಲ್ಲಿ ಹಳದಿ. 18ನೇ ಶತಮಾನದಲ್ಲಿ ‘ಹಳದಿ ಹೊಟ್ಟೆಯವರು’ ಅನ್ನುವುದು ಇಂಗ್ಲೆಂಡಿನ ಲಿಂಕನ್‌ಶೈರ್ ಜನರ ಅಡ್ಡಹೆಸರಾಗಿತ್ತು. ಅವರು ಈಗಲೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಹಳದಿಗೆ ಹೇಡಿ ಅನ್ನುವ ಅರ್ಥ ಅಂಟಿದ್ದು 19ನೇ ಶತಮಾನದ ಅಮೆರಿಕದಲ್ಲಿ. ಇನ್ನು ಚಿಕನ್ ನಿಮಗೆ ಗೊತ್ತೇ ಇದೆ. ಎರಡು ಕಾರು ಎದುರಾಬದುರು ಬರುತ್ತವೆ, ಮೊದಲು ಪಕ್ಕಕ್ಕೆ ತಿರುಗಿಸಿದವನು ಚಿಕನ್. ಅಮೆರಿಕ ಮತ್ತು ರಷ್ಯಾ ಅಣುಬಾಂಬು ಇಟ್ಟುಕೊಂಡು ಆಡುತ್ತಿರುವುದು ಇದೇ ಪೋಕರಿ ಆಟ ಅಂತ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ 1959ರಲ್ಲಿ ಬರೆದರು. ಇಬ್ಬರೂ ಚಿಕನ್ ಅನ್ನಿಸಿಕೊಳ್ಳೋಕೆ ಒಪ್ಪದಿದ್ದರೆ ಏನಾಗುತ್ತದೆ? ಫೆರ್ದುಲ್ಫ್ ಮತ್ತು ಅರ್ಗಾಯ್ತ್ ಹತ್ತಿದ ಬೆಟ್ಟ ನೆನಪಾಗಲಿಲ್ವಾ?

ಕೋಳಿ ಅಂದಾಗ ಪುಕ್ಕದ ಮಾತು ಬರಲೇಬೇಕು. ಕರಾವಳಿಯವರಿಗೆ ಕೋಳಿ ಅಂಕ ಗೊತ್ತು, ಹುಂಜದ ಬಣ್ಣ ನೋಡಿ ಬಾಜಿ ಕಟ್ಟುವವರೂ ಗೊತ್ತು. ಇಂಗ್ಲೆಂಡಿನ ಅಂಕದವರಿಗೂ ಅಂಥದ್ದೇ ಲೆಕ್ಕವಿತ್ತು. ಹುಂಜದ ಬಾಲದಲ್ಲಿ ಒಂದು ಬಿಳಿ ಪುಕ್ಕ ಕಂಡರೆ ಅದು ಜಾತಿ ಹುಂಜ ಅಲ್ಲ, ಕಾದಾಡಲ್ಲ ಅನ್ನುತ್ತಿದ್ದರು. ಅಲ್ಲಿಂದ ‘ಬಿಳಿ ಪುಕ್ಕ ತೋರಿಸುವುದು’ ಅಂದರೆ ಹೇಡಿತನ ತೋರಿಸುವುದು ಅಂತಾಯಿತು. 1785ರ ಒಂದು ಬೀದಿಭಾಷೆಯ ನಿಘಂಟಿನಲ್ಲೇ ಇದು ಇದೆ. 1835ರಲ್ಲಿ ಕೋಳಿ ಅಂಕಕ್ಕೆ ಅಲ್ಲಿ ನಿಷೇಧ ಬಂತು. ಪುಕ್ಕ ಮಾತ್ರ ಉಳಿಯಿತು.

1914ರ ಆಗಸ್ಟಿನಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಪೆನ್‌ರೋಸ್ ಫಿಟ್ಜ್‌ಜೆರಾಲ್ಡ್ ಅನ್ನುವ ನಿವೃತ್ತ ನೌಕಾ ಅಧಿಕಾರಿಗೆ ಒಂದು ಯೋಚನೆ ಬಂತು. ಫೋಕ್‌ಸ್ಟನ್ ಅನ್ನುವ ಊರಿನಲ್ಲಿ 30 ಹೆಂಗಸರನ್ನು ಸೇರಿಸಿ ಕೈಗೆ ಬಿಳಿ ಪುಕ್ಕ ಕೊಟ್ಟ. ಸಮವಸ್ತ್ರ ಹಾಕದ ವಯಸ್ಸಿನ ಗಂಡಸು ಕಂಡರೆ ಅವನ ಕೋಟಿಗೆ ಒಂದು ಸಿಕ್ಕಿಸಬೇಕು. ಈ ಹುಚ್ಚು ದೇಶಕ್ಕೆಲ್ಲ ಹರಡಿತು. ಟ್ರಾಮಿನಲ್ಲಿ, ಹೋಟೆಲಿನಲ್ಲಿ, ಬೀದಿಯಲ್ಲಿ, ಎಲ್ಲರೂ ನೋಡುತ್ತಿರುವಾಗಲೇ. ರಜೆಯ ಮೇಲೆ ಬಂದ ಸೈನಿಕನಿಗೂ ಸಿಕ್ಕಿತು. ಗಾಯವಾಗಿ ವಾಪಸ್ ಬಂದವನಿಗೂ ಸಿಕ್ಕಿತು. ಟರ್ಕಿಯ ಗಲಿಪೊಲಿಯಲ್ಲಿ ಹೋರಾಡಿ, ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಪಡೆದ ಜಾರ್ಜ್ ಸ್ಯಾಮ್ಸನ್ ತನ್ನದೇ ಸನ್ಮಾನಕ್ಕೆ ಮಾಮೂಲಿ ಬಟ್ಟೆಯಲ್ಲಿ ಹೋಗುತ್ತಿದ್ದಾಗ ಅವನ ಕೈಗೂ ಒಂದು ಪುಕ್ಕ ಇಟ್ಟರು. ಕೊನೆಗೆ 1916ರಲ್ಲಿ ಸರ್ಕಾರವೇ, ಗಾಯವಾಗಿ ಅಥವಾ ಕಾಯಿಲೆಯಿಂದ ಸೈನ್ಯ ಬಿಟ್ಟವರಿಗೆ ಒಂದು ಬೆಳ್ಳಿಯ ಬಿಲ್ಲೆ ಕೊಡಬೇಕಾಯಿತು. ನಾನು ಹೇಡಿ ಅಲ್ಲ ಅಂತ ಎದೆಗೆ ಚುಚ್ಚಿಕೊಂಡು ಓಡಾಡಿ, ಅಂತ.

ಅತ್ತ ಯುದ್ಧಭೂಮಿಯಲ್ಲಿ ಈ ಪದಕ್ಕೆ ಇನ್ನೊಂದು ರೂಪವಿತ್ತು. ಶತ್ರುವಿನ ಎದುರು ಹೇಡಿತನ ಕಾಣುವಂತೆ ನಡೆದುಕೊಂಡರೆ ಮರಣದಂಡನೆ. ‘ಕಾಣುವಂತೆ’ ಅನ್ನುವುದನ್ನು ನೋಡಿ. ಕಾನೂನಿಗೂ ಬೇಕಾದದ್ದು ಹೊರಗಿನ ನೋಟವೇ. ಹ್ಯಾರಿ ಫಾರ್ ಅನ್ನುವ ಸೈನಿಕ 1915ರಲ್ಲಿ ಶೆಲ್ ಶಾಕ್, ಅಂದರೆ ಯುದ್ಧದ ಆಘಾತಕ್ಕೆ ಮನಸ್ಸು ಕಂಗೆಡುವ ಕಾಯಿಲೆ, ಆಗಿ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದ. ಗುಣವಾಯಿತು ಅಂತ ಮತ್ತೆ ಕಳಿಸಿದರು. 1916ರ ಸೆಪ್ಟೆಂಬರಿನಲ್ಲಿ, ಇನ್ನು ನನ್ನ ಕೈಲಾಗಲ್ಲ ಅಂದ. ಕಂದಕಕ್ಕೆ ಹೋಗಲಿಲ್ಲ. ವಿಚಾರಣೆಯಲ್ಲಿ ಅವನ ಪರ ಮಾತಾಡೋಕೆ ಯಾರೂ ಇರಲಿಲ್ಲ. ಅಕ್ಟೋಬರಿನಲ್ಲಿ ಮುಂಜಾನೆ ಗುಂಡಿಟ್ಟು ಕೊಂದರು. ಕಣ್ಣಿಗೆ ಪಟ್ಟಿ ಬೇಡ ಅಂದನಂತೆ. ಇವನಂಥ ಒಳ್ಳೆಯ ಸೈನಿಕ ಇರಲಿಲ್ಲ ಅಂತ ಅಲ್ಲಿದ್ದ ಪಾದ್ರಿಯೇ ಹೆಂಡತಿಗೆ ಹೇಳಿ ಕಳಿಸಿದ. ಆದರೂ ಆಕೆಯ ಪಿಂಚಣಿ ನಿಂತಿತು. ಮಗಳು ಗರ್ಟ್ರೂಡ್ ಮುದುಕಿಯಾದ ಮೇಲೂ ಹೋರಾಡಿದರು. 2006ರಲ್ಲಿ ಬ್ರಿಟನ್ ಸರ್ಕಾರ ಹೀಗೆ ಗುಂಡಿಗೆ ಬಲಿಯಾದ 306 ಜನರಿಗೆ ಕ್ಷಮೆ ಕೊಟ್ಟಿತು. ಬಹುತೇಕರ ಮೇಲಿದ್ದದ್ದು ಸೈನ್ಯ ಬಿಟ್ಟು ಓಡಿಹೋದ ಆರೋಪ. ಹೇಡಿತನ ಅಂತಲೇ ಬರೆದು ಕೊಂದದ್ದು 18 ಜನರನ್ನು.

ನಮ್ಮ 1950ರ ಸೇನಾ ಕಾಯ್ದೆಯಲ್ಲೂ ಅದೇ ಮಾತು, ಹೆಚ್ಚುಕಮ್ಮಿ ಅದೇ ಪದಗಳಲ್ಲಿ, 34ನೇ ಸೆಕ್ಷನ್ನಿನಲ್ಲಿ ಇದೆ. ಅಲ್ಲೂ ಮರಣದಂಡನೆವರೆಗೆ ಹೋಗಬಹುದು.

ಕೊನೆಯದು ಡ್ಯಾಸ್ಟರ್ಡ್. ಶುರುವಿನಲ್ಲಿ ಇದರ ಅರ್ಥ ಮಂಕ, ದಡ್ಡ. ಆಮೇಲೆ ಹೇಡಿ ಆಯಿತು. ಈಗ ಕ್ರೂರ ಅಂತ ಆಗಿದೆ. 1941ರಲ್ಲಿ ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿದ ಮಾರನೆಯ ದಿನ ಅಧ್ಯಕ್ಷ ರೂಸ್‌ವೆಲ್ಟ್ ಅದನ್ನು ಡ್ಯಾಸ್ಟರ್ಡ್‌ಲಿ ದಾಳಿ ಅಂದರು. ನಮ್ಮ ಪತ್ರಿಕೆಗಳಲ್ಲೂ ಬಾಂಬ್ ಸಿಡಿದ ಮಾರನೆಯ ದಿನ ‘ಹೇಡಿ ಕೃತ್ಯ’ ಅಂತ ಹೇಳಿಕೆ ಬರುತ್ತದೆ. ಬಾಂಬ್ ಕಟ್ಟಿಕೊಂಡು ತಾನೇ ಸಾಯುವವನನ್ನು ದುಷ್ಟ ಅನ್ನಿ, ರಾಕ್ಷಸ ಅನ್ನಿ. ಹೇಡಿ ಹೇಗೆ? 2001ರ ಸೆಪ್ಟೆಂಬರ್ ದಾಳಿಯಾದ ದಿನ ಅಧ್ಯಕ್ಷ ಬುಷ್ ‘ಮುಖವಿಲ್ಲದ ಹೇಡಿ’ ಅಂದರು. ಲೇಖಕಿ ಸೂಸನ್ ಸೊಂಟಾಗ್ ಇದೇ ಪ್ರಶ್ನೆ ಎತ್ತಿದರು, ಮೈತುಂಬ ಬೈಸಿಕೊಂಡರು. ಟಿವಿಯಲ್ಲಿ ಕಾರ್ಯಕ್ರಮ ನಡೆಸುತ್ತಿದ್ದ ಬಿಲ್ ಮಾಹರ್, ದೂರದಿಂದ ಕ್ಷಿಪಣಿ ಎಸೆಯುವ ನಾವೇ ಹೇಡಿಗಳು ಅಂದರು. ಜಾಹೀರಾತುಗಳು ಹೋದವು, ಮಾರನೆಯ ವರ್ಷ ಕಾರ್ಯಕ್ರಮವೇ ನಿಂತಿತು. ನನಗೆ ಸೊಂಟಾಗ್ ಮಾತೇ ಸರಿ ಅನ್ನಿಸುತ್ತದೆ. ಕೊಂದವನ ಮೇಲೆ ಸಿಟ್ಟಿದ್ದರೆ ಅದಕ್ಕೆ ಬೇಕಾದಷ್ಟು ಬೇರೆ ಪದಗಳಿವೆ.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆಗಳು ಬಂದವು. ಎರಡನ್ನು ಇಲ್ಲಿ ಸೇರಿಸಿದ್ದೇನೆ.

‘ಸಾರ್, ನಮ್ಮ ಹೇಡಿ ಎಲ್ಲಿಂದ ಬಂತು?’

ಹಳಗನ್ನಡದಲ್ಲಿ ಅದು ಪೇಡಿ. ‘ಪ’ ಹೋಗಿ ‘ಹ’ ಆಯಿತು, ಪಾಲು ಹಾಲಾದ ಹಾಗೆ. ತಮಿಳಿನಲ್ಲೂ ಪೇಡಿ ಇದೆ. ಅದರ ಇನ್ನೊಂದು ಅರ್ಥ ಗಂಡೂ ಅಲ್ಲದ ಹೆಣ್ಣೂ ಅಲ್ಲದ ವ್ಯಕ್ತಿ. ಗಂಡಸಲ್ಲ ಅನ್ನುವುದನ್ನೇ ಬೈಗುಳ ಮಾಡಿದ್ದಾರೆ. ಹೆಣ್ಣಿಗ ಅನ್ನುವ ಅರ್ಥದ ಇಂಗ್ಲಿಷಿನ ಸಿಸ್ಸಿ ಕೂಡ ಸಿಸ್ಟರ್‌ನಿಂದಲೇ ಬಂದದ್ದು. ಆದರೆ ನಮ್ಮಲ್ಲಿ ‘ಉತ್ತರನ ಪೌರುಷ ಒಲೆ ಮುಂದೆ’ ಅನ್ನುವ ಗಾದೆ ಇದೆಯಲ್ಲ, ಆ ಪ್ರಸಂಗವನ್ನು ಜ್ಞಾಪಿಸಿಕೊಳ್ಳಿ. ಕೌರವರ ಸೈನ್ಯ ಕಂಡು ರಥದಿಂದ ಹಾರಿ ಓಡಿದವನು ರಾಜಕುಮಾರ. ಜಡೆ ಹಾರಾಡಿಸುತ್ತಾ ಅಟ್ಟಿಸಿಕೊಂಡು ಹೋಗಿ ಹಿಡಿದು ತಂದದ್ದು ಬೃಹನ್ನಳೆ. ಅದನ್ನು ನೋಡಿ ಆ ಕಡೆಯ ಸೈನಿಕರು ನಕ್ಕರು. ಅವರು ನಕ್ಕದ್ದು ಓಡುತ್ತಿದ್ದವನನ್ನು ಕಂಡಲ್ಲ, ಜಡೆಯನ್ನು ಕಂಡು.

‘ಕೌವರ್ಡ್‌ಗೂ ಹಸುವಿಗೂ ಏನೂ ಸಂಬಂಧ ಇಲ್ವಾ?’

ಇಲ್ಲ. ಬೆದರಿಸಿ ಬಗ್ಗಿಸು ಅನ್ನುವ ಅರ್ಥದ ‘ಕೌ’ ಕ್ರಿಯಾಪದಕ್ಕೂ ಹಸುವಿಗೂ ಸಂಬಂಧ ಇಲ್ಲ, ಅದು ಸ್ಕ್ಯಾಂಡಿನೇವಿಯಾ ಕಡೆಯಿಂದ ಬಂದಿರಬೇಕು. ಮುದುಡಿ ಕೂರುವುದಕ್ಕೆ ‘ಕವರ್’ ಅನ್ನುತ್ತಾರೆ, ಅದರ ಬೇರೂ ಬೇರೆಯೇ. ಮೂರೂ ಒಂದೇ ಥರ ಕೇಳಿಸುವುದರಿಂದ ಜನ ಒಂದೇ ಕೊಟ್ಟಿಗೆಗೆ ಕಟ್ಟಿದ್ದಾರೆ. ಆದರೆ ಇಂಗ್ಲೆಂಡಿನಲ್ಲಿ ಕೌವರ್ಡ್ ಅಂತ ಮನೆತನದ ಹೆಸರಿದೆ, ನಾಟಕಕಾರ ನೋಯೆಲ್ ಕೌವರ್ಡ್ ಹೆಸರು ಕೇಳಿರಬಹುದು. ಅದು ಮಾತ್ರ ನಿಜಕ್ಕೂ ಹಸುವಿನದ್ದೇ. ಅವರ ಹಿರಿಯರು ಯಾವ ಕಾಲದಲ್ಲೋ ದನ ಕಾಯುತ್ತಿದ್ದರು.